ಹಳಿಯ ತುದಿಯಲ್ಲಿದ್ದ ಒರಳುಕಲ್ಲು

ನಮ್ಮ ಅಪಾರ್ಟ್‌ಮೆಂಟಿನ ಗೇಟು ತೆರೆದಾಗಲೆಲ್ಲ ಎರಡು ಸದ್ದು ಬರುತ್ತಿದ್ದವು. ಮೊದಲು ಗಾಲಿಗಳು ಹಳಿಯ ಮೇಲೆ ಉರುಳುವ ಗರಗರ, ಕೊನೆಗೆ ತುದಿ ಮುಟ್ಟಿದ ‘ಧಡ್’. ಹೈದರಾಬಾದಿನ ಕೂಕಟ್‌ಪಲ್ಲಿಯ ಆ ಗಲ್ಲಿಯಲ್ಲಿ ಆಟೊ, ತರಕಾರಿ ಗಾಡಿಯ ಮೈಕು, ಎದುರಿನ ಮಿಕ್ಸಿ ರಿಪೇರಿ ಅಂಗಡಿ ಎಲ್ಲ ಸೇರಿ ಕಿವಿಗಡಚಿಕ್ಕುವಷ್ಟು ಗದ್ದಲವಿದ್ದರೂ ಮೂರನೇ ಮಹಡಿಯ ನನ್ನ ಅಡುಗೆಮನೆಗೆ ಆ ‘ಧಡ್’ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಯಜಮಾನರು ಶಂಶಾಬಾದಿನ ಕೆಲಸ ಮುಗಿಸಿ ಬರುವ ಹೊತ್ತಿಗೆ ಆ ಸದ್ದು ಬಂದರೆ ಚಹಾಕ್ಕೆ ನೀರಿಡುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು.

ಅದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಲ್ಲ, ಕಲ್ಲಿಗೆ ಕಬ್ಬಿಣ ಬಡಿದ ಸದ್ದು. ಹಾಗೇಕೆ ಎನ್ನುವುದು ಇಡೀ ಕಟ್ಟಡದಲ್ಲಿ ವಾಚ್‌ಮನ್ ಮತ್ತು ಅವನ ಹೆಂಡತಿಯನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ನಾನು ಇದನ್ನು ಬರೆಯುತ್ತಿರುವುದೂ ಅದಕ್ಕೇ.

ಗೇಟಿನ ವಿಷಯ ಸ್ವಲ್ಪ ಹೇಳಬೇಕು. ಪಕ್ಕಕ್ಕೆ ಜಾರಿಸಿ ತೆರೆಯುವ ಗೇಟು. ಕಾರು ಆರಾಮಾಗಿ ನುಗ್ಗುವಷ್ಟು ಅಗಲ, ಆಳಿಗಿಂತ ಎತ್ತರ, ಮೈತುಂಬ ದಪ್ಪ ತಗಡು. ಕೆಳಗೆ ನೆಲದಲ್ಲಿ ಹಳಿ. ಮೇಲೆ ಕಂಬದಲ್ಲಿ ಒಂದು ಕಬ್ಬಿಣದ ಹಿಡಿ. ಗೇಟು ಆ ಹಿಡಿಯ ನಡುವೆ ಜಾರುತ್ತದೆ, ಬೀಳದಂತೆ ಅದನ್ನು ನೆಟ್ಟಗೆ ನಿಲ್ಲಿಸುವುದೂ ಆ ಹಿಡಿಯೇ. ಗೇಟು ಜಾರುತ್ತ ಜಾರುತ್ತ ಹಿಡಿಯನ್ನು ದಾಟಿಹೋಗಬಾರದಲ್ಲ, ಅದಕ್ಕಾಗಿ ಹಳಿಯ ಕೊನೆಯಲ್ಲಿ ಒಂದು ಕಬ್ಬಿಣದ ತುಂಡನ್ನು ಬೆಸೆದಿರುತ್ತಾರೆ. ಸ್ಟಾಪರ್ ಅಂತ ಅದರ ಹೆಸರು. ನಮ್ಮ ಗೇಟಿನ ಸ್ಟಾಪರನ್ನು ನೀರಿನ ಟ್ಯಾಂಕರೊಂದು ಹಿಂದಕ್ಕೆ ಬರುವಾಗ ಮುರಿದುಹಾಕಿತು. ಟ್ಯಾಂಕರಿನವನು ನೋಡದವನಂತೆ ಹೊರಟುಹೋದ. ಬೇಸಿಗೆಯಲ್ಲಿ ಟ್ಯಾಂಕರಿನವನ ಜೊತೆ ಜಗಳ ಕಾಯುವ ಧೈರ್ಯ ಹೈದರಾಬಾದಿನಲ್ಲಿ ಯಾರಿಗೂ ಇಲ್ಲ.

ವಾಚ್‌ಮನ್ ಯಾದಗಿರಿ ಕಡೆಯವನು. ಗಂಡ ಹೆಂಡತಿ ಇಬ್ಬರೂ ಮೊದಲು ಮಾದಾಪುರದ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತು, ಆಮೇಲೆ ನಮ್ಮಲ್ಲಿಗೆ ಬಂದು ಸೆಲ್ಲಾರಿನ ಮೂಲೆಯ ಕೋಣೆಯಲ್ಲಿ ನೆಲೆಯಾದವರು. ಆತನಿಗೆ ಅಷ್ಟಿಷ್ಟು ತೆಲುಗು ಬರುತ್ತಿತ್ತು: ಕಾರು, ನೀರು, ಮೋಟಾರು, ಕೊರಿಯರ್ ಇವಿಷ್ಟಕ್ಕೆ ಸಾಲುವಷ್ಟು. ಆಕೆಗೆ ಅದೂ ಇಲ್ಲ. ನಾನು ಮೈಸೂರಿನ ಕಡೆಯವಳು, ಇಲ್ಲಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಕನ್ನಡಕ್ಕೂ ಅವರ ಕನ್ನಡಕ್ಕೂ ಅಜಗಜಾಂತರ. ಆದರೂ ನಾನು ಕನ್ನಡದವಳು ಎಂದು ಗೊತ್ತಾದ ದಿನ ಆಕೆಯ ಮುಖ ಅರಳಿದ್ದು ನೋಡಿ ನನಗೇ ನಾಚಿಕೆಯಾಗಿತ್ತು. ಆವತ್ತಿನಿಂದ ಅವರ ಮಾತೆಲ್ಲ ನನ್ನ ಮೂಲಕವೇ ಮೇಲಿನವರಿಗೆ ಹೋಗುತ್ತಿತ್ತು. ಬಲ್ಬು ಹೋಗಿದೆ, ಪೊರಕೆ ಬೇಕು, ಎರಡು ದಿನ ಊರಿಗೆ ಹೋಗಬೇಕು. ನಾನು ಈ ಕೆಲಸವನ್ನು ಸ್ವಲ್ಪ ದೊಡ್ಡಸ್ತಿಕೆಯಿಂದಲೇ ಮಾಡುತ್ತಿದ್ದೆ.

ಸ್ಟಾಪರ್ ಮುರಿದ ವಾರ ಆತ ನನ್ನನ್ನು ಹಳಿಯ ತುದಿಗೆ ಕರೆದುಕೊಂಡು ಹೋಗಿ ತೋರಿಸಿದ. ಕಂಬದ ಹಿಡಿಯನ್ನೂ ತೋರಿಸಿದ. ಗೇಟು ಇದರಿಂದ ಆಚೆ ಬಂದರೆ ಹಿಡಿಯುವವರಿಲ್ಲ, ಮಲಗಿಬಿಡುತ್ತದೆ ಎಂದು ಅಂಗೈಯನ್ನು ಅಡ್ಡಕ್ಕೆ ಬೀಳಿಸಿ ತೋರಿಸಿದ. ಆಮೇಲೆ ಕೇಳಿದ:

“ಒಂದ್ ಚೀಟಿ ಬರದು ಕೊಡ್ರಿ ಅಕ್ಕಾರ. ನಾ ಸೆಕ್ರೆಟರಿ ಸಾಹೇಬ್ರ ಕೈಯಾಗ ಕೊಡ್ತೀನಿ. ನಾ ಬಾಯಿಲೆ ಹೇಳಿದ್ರ ಅವರಿಗೆ ತಿಳಿಯಂಗಿಲ್ರಿ.”

ಚೀಟಿ ಯಾಕೆ, ಮೀಟಿಂಗಿನಲ್ಲಿ ನಾನೇ ಹೇಳುತ್ತೇನೆ ಎಂದೆ. ಆ ವರ್ಷದಿಂದ ನಾನು ಕಮಿಟಿಯ ಐವರಲ್ಲಿ ಒಬ್ಬಳು.

ಅಲ್ಲಿಯವರೆಗೆ ಇರಲಿ ಅಂತ ಆತ ಒಂದು ಉಪಾಯ ಮಾಡಿದ. ಎರಡನೇ ಮಹಡಿಯವರು ಮನೆ ಖಾಲಿ ಮಾಡುವಾಗ ಒಂದು ಹಳೆಯ ಒರಳುಕಲ್ಲನ್ನು ಬಿಟ್ಟುಹೋಗಿದ್ದರು. ಅದನ್ನು ಉರುಳಿಸಿಕೊಂಡು ಬಂದು ಹಳಿಯ ತುದಿಗೆ, ಗೋಡೆಗೆ ಒತ್ತಿ ಇಟ್ಟ. ಗೇಟು ಬಂದು ಅದಕ್ಕೆ ಬಡಿದು ನಿಲ್ಲುತ್ತಿತ್ತು. ಅದೇ ಆ ‘ಧಡ್’. ಒರಳು ಅಂದರೆ ಅನ್ನ ಕೊಡುವ ವಸ್ತು, ಕಾಲು ತಾಗಬಾರದು ಅಂತ ಆತನ ಹೆಂಡತಿ ಶುಕ್ರವಾರ ಶುಕ್ರವಾರ ಅದನ್ನು ತೊಳೆದು ಅರಿಸಿನ ಕುಂಕುಮ ಹಚ್ಚತೊಡಗಿದಳು. ಕಟ್ಟಡದವರು ಅದನ್ನು ನೋಡಿ ವಾಚ್‌ಮನ್ ತನ್ನ ಊರ ದೇವರನ್ನು ತಂದು ಕೂರಿಸಿದ್ದಾನೆ ಅಂದುಕೊಂಡರು. ಗೇಟಿನ ಹತ್ತಿರ ಇದೇನು ಅಸಹ್ಯ ಎಂದು ಮೂಗು ಮುರಿಯುತ್ತಿದ್ದವರೂ ಕುಂಕುಮ ಕಂಡ ಮೇಲೆ ಸುಮ್ಮನಾದರು. ಒಬ್ಬ ಅಜ್ಜಿ ಬೆಳಗಿನ ವಾಕಿಂಗಿಗೆ ಹೋಗುವಾಗ ಕೈ ಮುಗಿಯುತ್ತಿದ್ದರು. ನನಗೆ ಇದು ಬಹಳ ತಮಾಷೆಯಾಗಿ ಕಾಣುತ್ತಿತ್ತು. ತವರಿಗೆ ಹೋದಾಗ ಇದನ್ನು ಹೇಳಿ ಎಲ್ಲರನ್ನೂ ನಗಿಸಿದ್ದೆ.

ಮೀಟಿಂಗಿನಲ್ಲಿ ಹೇಳಿದೆನೇ? ಹೇಳಿದೆ. ಕೊನೆಯಲ್ಲಿ, ಎಲ್ಲರೂ ಸಮೋಸಾ ತಿನ್ನುತ್ತ ಎದ್ದು ನಿಂತಾಗ, ಆ ಗೇಟಿನ ಸ್ಟಾಪರ್ ಒಂದು ಹೋಗಿದೆಯಂತೆ, ನೋಡಿಸಬೇಕು ಎಂದೆ. ಸೆಕ್ರೆಟರಿ ತಲೆಯಾಡಿಸಿದರು. ನಿವೃತ್ತ ಇಂಜಿನಿಯರು ಅವರು, ಸಭ್ಯಸ್ಥರು, ಯಾರ ಮಾತಿಗೂ ಇಲ್ಲ ಎನ್ನದವರು. ನನ್ನ ಪಾಲಿನದು ಮುಗಿಯಿತು ಎಂದುಕೊಂಡೆ. ಗೇಟು ಮುಂದಿನ ವರ್ಷದ ದಸರೆಗೆ ಮತ್ತೆ ಮೀಟಿಂಗಿಗೆ ಬಂತು, ರಿಪೇರಿಗಲ್ಲ, ಬಣ್ಣಕ್ಕೆ. ಯಾವ ಬಣ್ಣ ಎಂದು ಒಂದು ಗಂಟೆ ಚರ್ಚೆ ನಡೆಯಿತು. ಕುಂಕುಮದ ಬಣ್ಣ ಬಳಿದು ಮೇಲಿನ ಈಟಿಗಳಿಗೆ ಚಿನ್ನದ ಬಣ್ಣ ಕೊಡೋಣ ಎಂದದ್ದು ನಾನೇ. ಎಲ್ಲರೂ ಒಪ್ಪಿದರು. ಬಣ್ಣದವನು ನೆಲದ ಮೇಲೆ ಉಳಿದಿದ್ದ ಮುರಿದ ಸ್ಟಾಪರಿನ ಬುಡಕ್ಕೂ ಅಚ್ಚುಕಟ್ಟಾಗಿ ಬಣ್ಣ ಹೊಡೆದುಹೋದ. ಒರಳನ್ನು ಮಾತ್ರ ದೇವರೆಂದು ಮುಟ್ಟಲಿಲ್ಲ.

ಇನ್ನು ಆ ಭೋಗಿ ಹಬ್ಬದ, ಅಂದರೆ ಸಂಕ್ರಾಂತಿಯ ಹಿಂದಿನ ದಿನದ ಬೆಳಗ್ಗೆ.

ಸಂಕ್ರಾಂತಿಗೆ ಇಲ್ಲಿ ಮುಗ್ಗುಗಳದೇ ಸಂಭ್ರಮ. ಮುಗ್ಗು ಎಂದರೆ ನಮ್ಮ ರಂಗೋಲಿಯೇ. ನಮ್ಮ ಕಟ್ಟಡದಲ್ಲಿ ಪ್ರತಿವರ್ಷ ಸ್ಪರ್ಧೆ. ಗೇಟಿನ ಒಳಗೆ, ಕಾಂಪೌಂಡ್ ಗೋಡೆಯ ಉದ್ದಕ್ಕೂ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಚೌಕ ಹಾಕಿ, ಚೀಟಿ ಎತ್ತಿ ಮನೆಗೊಂದು ಚೌಕ ಹಂಚುತ್ತಾರೆ. ಹದಿನೆಂಟು ವರ್ಷದಿಂದ ನಾನು ಇಲ್ಲಿದ್ದೇನೆ, ಒಮ್ಮೆಯೂ ಬಹುಮಾನ ಬಂದಿರಲಿಲ್ಲ. ತೆಲುಗಿನ ಹೆಂಗಸರು ಕುಳಿತಲ್ಲಿಂದ ಏಳದೆ ಕೈಬೀಸಿ ಎಳೆಯುವ ಗೆರೆಗಳ ಮುಂದೆ ನನ್ನ ಚುಕ್ಕಿ ರಂಗೋಲಿ ಪಾಠದ ಹಲಗೆಯಂತೆ ಕಾಣುತ್ತಿತ್ತು. ಈ ಸಲ ಬಿಡಬಾರದು ಎಂದು ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಅಭ್ಯಾಸ ಮಾಡಿದ್ದೆ. ಗಣಿತದ ಮೇಷ್ಟರಮ್ಮನಿಗೆ ಚುಕ್ಕಿ ಎಣಿಸಲು ಬಾರದೆ ಇರುತ್ತದೆಯೇ.

ಚೀಟಿಯಲ್ಲಿ ನನಗೆ ಬಂದದ್ದು ಕೊನೆಯ ಚೌಕ. ಒರಳುಕಲ್ಲಿನ ಅರ್ಧ ಭಾಗ ಅದರ ಮೂಲೆಯೊಳಗೆ ಕೂತಿತ್ತು.

ಸುತ್ತ ನೋಡಿದೆ. ವಾಚ್‌ಮನ್ ಇರಲಿಲ್ಲ. ರಂಗೋಲಿಯ ನಡುವೆ ಇಡುವ ಸೆಗಣಿಯುಂಡೆಗಳಿಗೆ ಇಲ್ಲಿ ಗೊಬ್ಬೆಮ್ಮ ಅನ್ನುತ್ತಾರೆ; ಅವಕ್ಕೆ ಸೆಗಣಿ, ಚೆಂಡುಹೂವು ತರಲು ಹೆಂಗಸರು ಅವನನ್ನು ಓಡಿಸಿದ್ದರು. ಸ್ಪರ್ಧೆ ಮುಗಿಯುವವರೆಗೆ ಕಾರುಗಳು ಹೊರಗೇ ನಿಲ್ಲಬೇಕು ಎಂದು ಗೇಟು ಹಾಕಿ, ಪಕ್ಕದ ಚಿಕ್ಕ ಬಾಗಿಲಷ್ಟೇ ತೆರೆದಿತ್ತು. ಅವನ ಹೆಂಡತಿ ನೆಲಕ್ಕೆ ನೀರು ಚಿಮುಕಿಸುತ್ತಿದ್ದಳು. ಆಕೆಯನ್ನು ಕರೆದು, ಈ ಕಲ್ಲನ್ನು ಸ್ವಲ್ಪ ಆ ಕಡೆ ಸರಿಸೋಣ, ಒಂದು ಕೈ ಹಿಡಿಯಮ್ಮ ಎಂದೆ. ಆಕೆ ಒಂದು ಕ್ಷಣ ನಿಂತಳು. ಏನೋ ಹೇಳಲು ಬಾಯಿ ತೆರೆದಳೇ? ತೆರೆದಳು ಎಂದು ಈಗ ಅನ್ನಿಸುತ್ತದೆ. ರಂಗೋಲಿ ಮುಗಿದ ತಕ್ಷಣ ಮತ್ತೆ ಇಟ್ಟರಾಯಿತು ಎಂದೆ. ಆಕೆ ಕಲ್ಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಇಬ್ಬರೂ ಸೇರಿ ಎತ್ತಿ, ನಾಲ್ಕು ಹೆಜ್ಜೆ ನಡೆದು, ತುಳಸಿ ಕುಂಡದ ಪಕ್ಕ ಇಳಿಸಿದೆವು. ನನ್ನ ಸೊಂಟ ಹಿಡಿದುಕೊಂಡಿತು. ಕಲ್ಲು ಯಾಕೆ ಅಲ್ಲಿತ್ತು ಎಂಬುದು ನನ್ನ ತಲೆಗೆ ಬರಲೇ ಇಲ್ಲ. ಇದನ್ನು ಯಾರೂ ನಂಬುವುದಿಲ್ಲ, ಆದರೆ ಬರಲೇ ಇಲ್ಲ. ನನ್ನ ತಲೆಯಲ್ಲಿ ಇದ್ದದ್ದು ಹದಿನೈದು ಚುಕ್ಕಿ, ಎಂಟರವರೆಗೆ ಎಡೆ ಬಿಟ್ಟು.

ಎರಡು ಗಂಟೆ ಕೂತು ಹಾಕಿದೆ. ಎದ್ದಾಗ ಕಾಲು ಜೋಮು ಹಿಡಿದಿತ್ತು. ಚೆನ್ನಾಗಿ ಬಂದಿತ್ತು. ಪಕ್ಕದ ಚೌಕದಾಕೆ ಬಂದು ನೋಡಿ, ಈ ಸಲ ನಿಮಗೇ ಎಂದಾಗ ನಾನು ಹೆಮ್ಮೆಯಿಂದ ಉಬ್ಬಿಹೋದೆ.

ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿತು. ತೀರ್ಪುಗಾರರಾಗಿ ಬರಬೇಕಿದ್ದ, ಹಿಂದಿನ ಬೀದಿಯ ಹಿರಿಯ ಸಂಗೀತದ ಟೀಚರ್ ಬಂದಿದ್ದರು. ಅವರಿಗೆ ಮಂಡಿ ನೋವು, ಕಾರು ಒಳಗೇ ಬರಲಿ ಎಂದು ಸೆಕ್ರೆಟರಿ ಮೇಲಿನಿಂದ ಕೂಗಿದರು. ವಾಚ್‌ಮನ್ ಆಗ ತಾನೇ ಹೂವಿನ ಬುಟ್ಟಿ ಹೊತ್ತು ಚಿಕ್ಕ ಬಾಗಿಲಿನಿಂದ ಒಳಗೆ ಬಂದ. ಬುಟ್ಟಿ ಇಳಿಸಿ ಗೇಟಿಗೆ ಕೈ ಹಾಕಿದ. ನಾವೆಲ್ಲ ಸೀರೆ ಎತ್ತಿಕೊಂಡು ಚೌಕಗಳಿಂದ ಹಿಂದಕ್ಕೆ ಸರಿದೆವು. ಗೇಟು ಗೋಡೆಯ ಪಕ್ಕದಲ್ಲೇ ಗರಗರ ಎನ್ನುತ್ತ ನಮ್ಮ ಮುಂದಿನಿಂದ ಸಾಗಿತು. ಆತ ದಿನವೂ ಮಾಡುವಂತೆ ಕೊನೆಯಲ್ಲಿ ಒಂದು ನೂಕು ಕೊಟ್ಟು ಕೈಬಿಟ್ಟು, ಕಾರಿನವರಿಗೆ ನಮಸ್ಕಾರ ಮಾಡಲು ತಿರುಗಿದ.

‘ಧಡ್’ ಬರಲಿಲ್ಲ.

ಆ ಸದ್ದು ಬಾರದೆ ಹೋದದ್ದು ನಮ್ಮಲ್ಲಿ ಮೊದಲು ಕೇಳಿಸಿದ್ದು ಅವನಿಗೆ. ತಿರುಗಿದವನು ಮತ್ತೆ ಹೊರಳಿದ. ಗೇಟಿನ ತುದಿ ಕಂಬದ ಹಿಡಿಯಿಂದ ಕಳಚಿ ಒಳಗಡೆಗೆ, ನಮ್ಮ ಕಡೆಗೆ ವಾಲುತ್ತಿತ್ತು. ನಾವು ಹತ್ತು ಹನ್ನೆರಡು ಹೆಂಗಸರು ಕೈಯಲ್ಲಿ ಬಣ್ಣದ ಬಟ್ಟಲು ಹಿಡಿದು ನೋಡುತ್ತ ನಿಂತಿದ್ದೆವು. ಒಬ್ಬರಿಗೂ ಕಾಲು ಬರಲಿಲ್ಲ. ಆತ ಓಡಿಬಂದ. ಎರಡೂ ಕೈ ಮೇಲೆತ್ತಿ ಗೇಟಿಗೆ ಎದೆಕೊಟ್ಟು ನಿಂತ. ಅಷ್ಟು ಭಾರದ ಕಬ್ಬಿಣವನ್ನು ಒಬ್ಬ ಮನುಷ್ಯ ತಡೆಯುವುದು ಹೇಗೆ? ಆದರೂ ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಅದು ನಿಂತಿತು. ಆ ಹೊತ್ತಿನಲ್ಲೇ ನಾವು ಹಿಂದಕ್ಕೆ ಹಾರಿದೆವು. ಆಮೇಲೆ ಗೇಟು ಬಿತ್ತು. ಆತ ಅದರ ಕೆಳಗೆ ಇದ್ದ.

ಎಷ್ಟು ಜನ ಸೇರಿ ಎತ್ತಿದರೋ ನನಗೆ ಗೊತ್ತಿಲ್ಲ. ಮಿಕ್ಸಿ ರಿಪೇರಿಯವನು, ಆಟೊದವರು, ಕಾರಿನ ಡ್ರೈವರು ಎಲ್ಲ ಓಡಿಬಂದರು. ನಾನು ಒಂದು ಹೆಜ್ಜೆಯೂ ಇಡಲಾಗದೆ ಕಟ್ಟಡದ ಗೋಡೆಗೆ ಅಂಟಿಕೊಂಡಿದ್ದೆ. ಗೇಟು ಎತ್ತಿದಾಗ ಆತನ ಬೆನ್ನಿಗೆಲ್ಲ ನಮ್ಮ ರಂಗೋಲಿಯ ಹಸಿರು, ಹಳದಿ, ನೀಲಿ ಮೆತ್ತಿಕೊಂಡಿತ್ತು. ಎಡಗಾಲು ಮಂಡಿಯ ಕೆಳಗೆ ಇರಬಾರದ ಕಡೆಗೆ ತಿರುಗಿತ್ತು. ಆತ ಕಿರುಚಲಿಲ್ಲ. ಕಣ್ಣು ತೆರೆದು, ಯಾರಿಗಾದರೂ ಬಡಿಯಿತೇನು ಎಂದು ತೆಲುಗಿನಲ್ಲಿ ಕೇಳಿದ. ಆತನ ಹೆಂಡತಿ ಮಾತ್ರ ಅವನ ಕಡೆ ನೋಡದೆ, ತುಳಸಿ ಕುಂಡದ ಪಕ್ಕದ ಕಲ್ಲನ್ನೇ ನೋಡುತ್ತಿದ್ದಳು. ನಾನು ಅವಳ ಕಣ್ಣು ಹೋದ ಕಡೆ ನೋಡಿದೆ. ಆಗ ನನಗೆ ನೆನಪಾಯಿತು.

ಎರಡು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಯಜಮಾನರಿಗೂ ಹೇಳಲಿಲ್ಲ. ಅವರು, ನೀನು ಯಾಕೆ ಊಟ ಬಿಟ್ಟಿದ್ದೀಯ, ನಿನಗೇನು ಪೆಟ್ಟಾಗಿಲ್ಲವಲ್ಲ ಎಂದರು. ಕೆಳಗೆ ಯಾರೋ ಒರಳನ್ನು ಹೊರಗೆ ಕಸದ ಪಕ್ಕ ಇಟ್ಟಿದ್ದರು. ದೇವರು ಸ್ಥಾನ ಬಿಟ್ಟದ್ದರಿಂದ ಹೀಗಾಯಿತು ಎಂದು ಆ ಅಜ್ಜಿ ಅಂದರಂತೆ. ಅವರ ಮಾತಿಗೆ ಎಲ್ಲರೂ ನಕ್ಕರಂತೆ.

ಮೂರನೇ ದಿನ ಸೆಕ್ರೆಟರಿ ಮನೆಗೆ ಬಂದರು. ಚಪ್ಪಲಿ ಬಿಟ್ಟು, ಕುಳಿತು, ನೀರು ಕುಡಿದು, ಒಂದು ಕಾಗದ ತೆಗೆದರು. ಪೊಲೀಸ್ ಠಾಣೆಯವರು ಹೇಳಿಕೆ ಕೇಳಿದ್ದಾರೆ, ವಾಚ್‌ಮನ್ ಹೆಂಡತಿಯ ಹೆಬ್ಬೆಟ್ಟು ಬೇಕು ಎಂದರು. ತೆಲುಗಿನಲ್ಲಿ ಟೈಪ್ ಮಾಡಿಸಿದ್ದ ಆ ಹೇಳಿಕೆಯಲ್ಲಿ ಹೀಗಿತ್ತು: ಗೇಟು ಸುಸ್ಥಿತಿಯಲ್ಲಿತ್ತು, ಇತ್ತೀಚೆಗಷ್ಟೇ ಬಣ್ಣ ಬಳಿಸಿ ನಿರ್ವಹಣೆ ಮಾಡಲಾಗಿತ್ತು. ವಾಚ್‌ಮನ್ ಜೋರಾಗಿ ನೂಕಿ, ಅವಸರದಿಂದ ಚಲಿಸುತ್ತಿದ್ದ ಗೇಟಿನತ್ತ ಓಡಿದ್ದರಿಂದ ಅಪಘಾತವಾಯಿತು. ಆಸ್ಪತ್ರೆಯ ಖರ್ಚನ್ನು ಅಸೋಸಿಯೇಷನ್ ಮಾನವೀಯತೆಯಿಂದ ಭರಿಸುತ್ತದೆ. ಇದರ ಮೇಲೆ ನಮ್ಮ ಕುಟುಂಬದ್ದೇನೂ ತಕರಾರಿಲ್ಲ. ಕೆಳಗೆ ಕಮಿಟಿಯ ನಾಲ್ವರ ಸಹಿ ಆಗಿತ್ತು. ಐದನೆಯ ಜಾಗ ಖಾಲಿ. ಅದು ನನ್ನದು.

ಓದುತ್ತ ನಾನು ದಂಗಾಗಿ ಕೂತೆ. ಅದರಲ್ಲಿ ಸುಳ್ಳೆಂದು ಬೆರಳಿಟ್ಟು ತೋರಿಸುವಂಥ ಮಾತು ‘ಸುಸ್ಥಿತಿ’ ಒಂದೇ. ಬಣ್ಣ ಬಳಿದದ್ದು ನಿಜ, ನೂಕಿದ್ದು ನಿಜ. ಓಡಿದ್ದೂ ನಿಜವೇ. ನಮ್ಮ ಮೇಲೆ ಬೀಳಬಾರದೆಂದು ಓಡಿದ ಎನ್ನುವ ಅರ್ಧ ಮಾತನ್ನು ಮಾತ್ರ ಬಿಟ್ಟಿದ್ದರು. ಸೆಕ್ರೆಟರಿ ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ. ಅಸೋಸಿಯೇಷನ್ನಿನದು ತಪ್ಪು ಎಂದಾದರೆ ಠಾಣೆಯಲ್ಲಿ ಮೊದಲು ಹೆಸರು ಬೀಳುವುದು ಅವರದೇ. ಹೊರಡುವಾಗ ಹೇಳಿದರು:

“ಮೇಡಂ, ಆಕೆಗೆ ನಿಮ್ಮ ಭಾಷೆಯಲ್ಲಿ ಸ್ವಲ್ಪ ತಿಳಿಸಿ ಹೇಳಿ. ನೀವು ಹೇಳಿದರೆ ಕೇಳ್ತಾಳೆ.”

ನಾನು ಕಾಗದ ಮತ್ತು ಇಂಕ್ ಪ್ಯಾಡ್ ಚೀಲದಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದೆ. ಹೋಗಿ ಏನು ಹೇಳಬೇಕು ಎಂದು ನಿರ್ಧರಿಸಿದ್ದೆನೇ? ಇಲ್ಲ. ಆಟೊದಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ: ಈ ಕಾಗದದಲ್ಲಿ ಕಲ್ಲಿನ ಮಾತೇ ಇಲ್ಲ. ಯಾರೂ ಕಲ್ಲಿನ ಬಗ್ಗೆ ಕೇಳುವುದಿಲ್ಲ. ಆ ಯೋಚನೆ ನನಗೆ ಸಮಾಧಾನ ಕೊಡುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಆಕೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಹಬ್ಬಕ್ಕೆಂದು ಉಟ್ಟ ಸೀರೆಯೇ ಇನ್ನೂ ಮೈಮೇಲಿತ್ತು. ಸೆರಗಿನಲ್ಲಿ ಬಣ್ಣದ ಕಲೆ. ಕಾಲಿಗೆ ರಾಡು ಹಾಕಿದ್ದಾರೆ, ಪಾದದಲ್ಲಿ ಇನ್ನೂ ಬಿಸಿ ಬಂದಿಲ್ಲ, ಬರದಿದ್ದರೆ ಪಾದ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಕೈಸನ್ನೆಯಲ್ಲಿ ಹೇಳಿದ್ದಾರೆ ಎಂದಳು. ಪಾದವಿಲ್ಲದ ವಾಚ್‌ಮನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದು ಆಕೆ ನನ್ನನ್ನು ಕೇಳಲಿಲ್ಲ.

ನಾನು ಕಾಗದ ತೆಗೆದೆ. ಓದಲು ಬಾಯಿ ತೆರೆಯುವ ಮೊದಲೇ ಆಕೆ ನನ್ನ ಮಣಿಕಟ್ಟು ಹಿಡಿದಳು. ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದಳು.

“ಅಕ್ಕಾರ, ಇದರಾಗ ನನ್ ಹೆಸರ ಐತೇನ್ರಿ? ಕಲ್ಲ ಎತ್ತಿದ್ದು ನಾ ಅಂತ ಬರದಾರೇನ್ರಿ?”

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಕೆ ಮುಂದುವರಿಸಿದಳು. ಆ ಕಡೆ ಹಿಡಿದದ್ದು ತಾನೇ. ಕಲ್ಲು ಯಾತಕ್ಕೆ ಅಲ್ಲಿತ್ತು ಎಂದು ಗೊತ್ತಿದ್ದೂ ಎತ್ತಿದೆ. ಗಂಡನಿಗೆ ಇನ್ನೂ ಹೇಳಿಲ್ಲ. ಮೂರು ದಿನದಿಂದ ಅವನ ಮುಖ ನೋಡಲು ಆಗುತ್ತಿಲ್ಲ. ತನ್ನ ಕೈಯಾರೆ ಗಂಡನ ಕಾಲು ಮುರಿದೆ. ನೀವು ಏನು ಬೇಕಾದರೂ ಬರೆದುಕೊಳ್ಳಿ, ಹೆಬ್ಬೆಟ್ಟು ಒತ್ತುತ್ತೇನೆ, ಕಲ್ಲಿನ ಮಾತು ಮಾತ್ರ ಬೇಡ. ಇಷ್ಟು ಹೇಳಿ ಆಕೆ ತಾನೇ ಇಂಕ್ ಪ್ಯಾಡಿನ ಮುಚ್ಚಳ ತೆಗೆದಳು.

ಹೆಬ್ಬೆರಳು ಮಸಿಗೆ ತಾಗಿತ್ತು. ನಾನು ಸುಮ್ಮನಿದ್ದರೆ ಸಾಕಾಗಿತ್ತು. ಒಂದು ಗಳಿಗೆ ಸುಮ್ಮನಿದ್ದೆ ಕೂಡ. ಇಷ್ಟು ವರ್ಷ ನಾಲ್ಕು ಜನರ ಮುಂದೆ ನೀತಿ ಹೇಳಿಕೊಂಡು ಬಂದ ನನ್ನೊಳಗೆ ಇಂಥ ಹೆಂಗಸೊಬ್ಬಳು ಇದ್ದಾಳೆ ಎಂದು ನನಗೆ ತಿಳಿದಿರಲಿಲ್ಲ. ಗೇಟು ಬಿದ್ದದ್ದಕ್ಕಿಂತ ಹೆಚ್ಚು ನಾನು ಬೆಚ್ಚಿದ್ದು ಆಗಲೇ.

ಕೈ ಚಾಚಿ ಕಾಗದ ಎಳೆದುಕೊಂಡೆ. ನೀನು ಎತ್ತಲಿಲ್ಲಮ್ಮ, ನಾನು ಎತ್ತಿಸಿದೆ ಎಂದೆ. ಆಮೇಲೆ ಕಾಗದವನ್ನು ಒಂದೊಂದೇ ಸಾಲು ಓದಿ, ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದೆ. ಗೇಟು ಸುಸ್ಥಿತಿಯಲ್ಲಿತ್ತು ಎಂಬಲ್ಲಿಗೆ ಬಂದಾಗ ಆಕೆ ನನ್ನನ್ನು ತಡೆದಳು. ಚಲೋ ಇತ್ತು ಅಂತ ಬರೆದಿದ್ದಾರಾ ಎಂದು ಎರಡು ಸಲ ಕೇಳಿದಳು. ಹೌದು ಎಂದೆ.

“ಮುರದೈತಿ ಅಂತ ನಮ್ಮವ್ರು ನಿಮಗ ಹೇಳಿದ್ರಲ್ರಿ,” ಎಂದಳು.

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳುತ್ತಿದ್ದಳು. ಹೇಳಿದರೆ ಹೇಳಿದಂತಾಯಿತು, ಮೇಲಿನವರಿಗೆ ಮುಟ್ಟಿತು ಎಂದು ಅವರಿಬ್ಬರೂ ಎರಡು ವರ್ಷ ನಂಬಿಕೊಂಡಿದ್ದರು. ಕಮಿಟಿ ಗೊತ್ತಿದ್ದೂ ಸುಮ್ಮನಿದೆ, ದೊಡ್ಡವರ ಲೆಕ್ಕಾಚಾರ ಏನಿದೆಯೋ ಎಂದುಕೊಂಡಿದ್ದರಂತೆ. ನಾನು ಸಮೋಸಾದ ಹೊತ್ತಿನಲ್ಲಿ ಒಂದು ಮಾತು ಎಸೆದು ಬಂದಿದ್ದೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು?

ಒಳಗೆ ಹೋಗಿ ಆತನನ್ನು ನೋಡಿದೆ. ಕಾಲನ್ನು ಎತ್ತಿ ಕಟ್ಟಿದ್ದರು. ಬೆನ್ನಿನ ಕೆಳಗಿನ ಹಾಸಿಗೆಗೆ ನೀಲಿ ಬಣ್ಣ ಹತ್ತಿತ್ತು. ಕಲ್ಲು ಸರಿಸಿದ್ದು ನಾನು ಎಂದು ಹೇಳಬೇಕೆಂದು ಹೋಗಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಆತನೇ ಕೇಳಿದ. ಗೇಟು ಮತ್ತೆ ನಿಲ್ಲಿಸಿದ್ದಾರಾ, ಕಲ್ಲನ್ನು ಅದರ ಜಾಗದಲ್ಲಿ ಇಟ್ಟಿದ್ದಾರಾ ಎಂದು. ಇಡದಿದ್ದರೆ ಇನ್ಯಾರ ಮೇಲಾದರೂ ಬೀಳುತ್ತದೆ, ಮಕ್ಕಳು ಅಲ್ಲೇ ಆಡುತ್ತವೆ ಎಂದ. ಕಲ್ಲು ತೆಗೆಸಿದ್ದು ನಾನೇ ಎಂದು ಹೇಳಿದೆ. ರಂಗೋಲಿ ಚಲೋ ಬಂದಿತ್ತು ಅಕ್ಕಾರ ಎಂದ ಆತ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮುಂದಿನದು ಹೆಚ್ಚಿಲ್ಲ. ಆತನ ಪಾದ ಉಳಿಯಿತು, ಮೂರು ಬೆರಳು ಉಳಿಯಲಿಲ್ಲ. ಗೇಟಿನ ಸ್ಟಾಪರ್ ಮುರಿದದ್ದು ಗೊತ್ತಿದ್ದೂ ದುರಸ್ತಿ ಮಾಡಿಸದೆ ಇದ್ದದ್ದು ಕಮಿಟಿಯ ತಪ್ಪು ಎಂದು ಕೊನೆಗೆ ಎಲ್ಲರೂ ಒಪ್ಪಬೇಕಾಯಿತು. ಆತ ನಡೆಯುವವರೆಗೆ ಮಾತ್ರವಲ್ಲ, ನಡೆದ ಮೇಲೂ ಆ ಕೆಲಸ, ಆ ಕೋಣೆ ಅವರದೇ ಎಂದು ಬರೆದುಕೊಟ್ಟರು. ಕಟ್ಟಡದಲ್ಲಿ ಅರ್ಧ ಜನ ಇಂದಿಗೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಹೊಸ ಗೇಟಿಗೆ ರಬ್ಬರ್ ಹಚ್ಚಿದ ಸ್ಟಾಪರ್ ಇದೆ, ಸದ್ದೇ ಬರುವುದಿಲ್ಲ. ಗೇಟು ಉರುಳುವುದು ಕೇಳಿದಾಗ ನಾನು ಈಗಲೂ ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು ನಿಂತುಬಿಡುತ್ತೇನೆ. ಯಾರೂ ಕೂಗಿಕೊಳ್ಳಲಿಲ್ಲ ಎಂದು ಖಾತ್ರಿಯಾದ ಮೇಲೆ ಚಹಾಕ್ಕೆ ನೀರಿಡುತ್ತೇನೆ.

ಆದರೆ ನಾನು ಹೇಳಬೇಕೆಂದು ಕೂತದ್ದು ಆ ದಿನ ವಾರ್ಡಿನಿಂದ ಹೊರಗೆ ಬಂದ ಮೇಲಿನದು. ಅದೇ ಬೆಂಚಿನ ಮೇಲೆ ಕೂತು ಸೆಕ್ರೆಟರಿಯ ಕಾಗದ ತಿರುಗಿಸಿ, ಅದರ ಹಿಂಬದಿಯಲ್ಲಿ ಬರೆದೆ. ಗೇಟಿನ ಸ್ಟಾಪರ್ ಎರಡು ವರ್ಷದ ಹಿಂದೆಯೇ ಮುರಿದಿದೆ. ಅದಿಲ್ಲದೆ ಗೇಟು ಬೀಳುತ್ತದೆ ಎಂದು ವಾಚ್‌ಮನ್ ಆಗಲೇ ಕಮಿಟಿ ಸದಸ್ಯೆಯಾದ ನನಗೆ ತೋರಿಸಿ ಹೇಳಿದ್ದಾನೆ. ನಾನು ಅದನ್ನು ಸರಿಯಾಗಿ ತಿಳಿಸಲಿಲ್ಲ. ಅವನು ತಡೆಗೆ ಇಟ್ಟಿದ್ದ ಕಲ್ಲನ್ನು ಹಬ್ಬದ ದಿನ ತೆಗೆಸಿದ್ದು ನಾನು. ಅವನು ಓಡಿದ್ದು ನಮ್ಮನ್ನು ಉಳಿಸಲು. ಕೆಳಗೆ ಸಹಿ ಹಾಕಿ, ಠಾಣೆಗೆ ಹೊರಡುವ ಮೊದಲು ಆಕೆಗೆ ಓದಿ ಹೇಳಿದೆ.

ಆಕೆ ಗಮನವಿಟ್ಟು ಕೇಳಿದಳು. ಮಸಿ ಹತ್ತಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಕಾಗದದ ಮೇಲಿನ ಮೊದಲ ಎರಡು ಸಾಲನ್ನು ಮತ್ತೊಮ್ಮೆ ಓದಿಸಿಕೊಂಡಳು.

“ಇಷ್ಟ ಬರದು ಕೊಡ್ರಿ ಅಂತ ಅವತ್ತ ಅವರು ಕೇಳಿದ್ದು, ಅಕ್ಕಾರ.”

ಹೌದು ಎಂದೆ. ಬರೆಯಲು ಐದು ನಿಮಿಷವೂ ಹಿಡಿದಿರಲಿಲ್ಲ.